ಗೌರಕ್ಕನ ವಖಾರಿಯಲ್ಲಿ ಗಿಟಾರು

ಹಿರೇಕೆರೂರಿನಲ್ಲಿ ನಾನು ಪಾಠ ಹೇಳುವ ಹೆಣ್ಣುಮಕ್ಕಳ ಶಾಲೆಯ ಹಿಂದೆ ಒಬ್ಬ ಪಿಂಜಾರ ಬಂದು ಕೂತಿದ್ದಾನೆ. ಮದುವೆಗಳ ಕಾಲ ಹತ್ತಿರವಾದ್ದರಿಂದ ಓಣಿಯವರೆಲ್ಲ ಹಳೆಯ ಗಾದಿಗಳನ್ನು ಬಿಚ್ಚಿ ಅರಳೆ ಹಿಂಜಿಸುತ್ತಿದ್ದಾರೆ. ಕಮಾನಿಗೆ ಬಿಗಿದ ನರಕ್ಕೆ ಅವನು ಕಟ್ಟಿಗೆಯ ಗುಂಡಿನಿಂದ ಹೊಡೆದಾಗಲೆಲ್ಲ ಒಂದು ದಪ್ಪ ಸ್ವರ ಎದ್ದು ಗೋಡೆ ದಾಟಿ ತರಗತಿಗೆ ಬರುತ್ತದೆ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನಾನು ಕಿಟಕಿ ಮುಚ್ಚಿಸಿದೆ. ಮುಚ್ಚಿದ ಮೇಲೂ ಕೇಳುತ್ತಿತ್ತು. ಸವಣೂರಿನಲ್ಲಿ ಒಂದು ಮಳೆಗಾಲದಲ್ಲಿ ಇಂಥದೇ ನರವನ್ನು ಗಿಟಾರಿಗೆ ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಯುದ್ಧದಿಂದಾಗಿ ಬರ್ಮಾದ ಅಕ್ಕಿ ಬರುವುದು ನಿಂತ ಮರುವರ್ಷ ಅದು. ಧಾರವಾಡದಲ್ಲಿ ಬಿ.ಎ. ಮುಗಿಸಿ ನಮ್ಮೂರು ಸವಣೂರಿಗೆ ಮರಳಿದ್ದೆ. ನನ್ನ ತಂದೆ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ಪುಸ್ತಕಗಳಿದ್ದವು, ಓದುವವರು ನಾವಿಬ್ಬರೇ. ಇಷ್ಟು ಓದಿದ ಹುಡುಗಿಯನ್ನು ಏನು ಮಾಡಬೇಕೆಂದು ಊರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಗೌರಕ್ಕ ಹೇಳಿಕಳಿಸಿದರು.

ಗೌರಕ್ಕ ಹತ್ತಿಯ ವ್ಯಾಪಾರದ ಮನೆತನದವರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದು, ತಂದೆ ಬಿಟ್ಟುಹೋದ ವ್ಯಾಪಾರವನ್ನೂ ತಾಯಿಯಿಲ್ಲದ ತಮ್ಮನನ್ನೂ ಒಟ್ಟಿಗೆ ಸಾಕಿದವರು. ತಮ್ಮ ಈರಪ್ಪ ಮುಂಬಯಿಗೆ ಹೋಗಿ ಚಿತ್ರ ಬರೆಯುವುದನ್ನು ಕಲಿತು ಬಂದ. ಬಂದವನು ಬರೆದದ್ದೆಲ್ಲ ಸವಣೂರನ್ನೇ. ಎಲೆಬಳ್ಳಿಯ ತೋಟ, ದೊಡ್ಡ ಹುಣಸೆಯ ನೆರಳಿನಲ್ಲಿ ಮಲಗಿದ ಎಮ್ಮೆಗಳು, ಮೊಹರಮ್ಮಿನ ಅಲೈ ಕುಣಿತ ನೋಡಲು ಕಟ್ಟೆಯ ಮೇಲೆ ನಿಂತ ಹೆಂಗಸರು. ಮೂವತ್ತು ತುಂಬುವ ಮೊದಲೇ ವಿಷಮಜ್ವರದಿಂದ ಸತ್ತ. ಗೌರಕ್ಕ ಅತ್ತದ್ದನ್ನು ಯಾರೂ ಕಾಣಲಿಲ್ಲವಂತೆ. ಅವರು ಪೇಟೆಯ ವಖಾರಿಯಿಂದ ಅರಳೆಯ ಅಂಡಿಗೆಗಳನ್ನು ಹೊರಹಾಕಿಸಿ, ಸುಣ್ಣ ಹೊಡೆಸಿ, ತಮ್ಮನ ಚಿತ್ರಗಳನ್ನೆಲ್ಲ ಅಲ್ಲಿ ತೂಗಹಾಕಿದರು. ಬಾಗಿಲ ಮೇಲೆ ‘ಚಿತ್ರಶಾಲೆ’ ಎಂದು ಬರೆಸಿದರು. ಊರವರು ವಖಾರಿ ಎನ್ನುವುದನ್ನು ಬಿಡಲಿಲ್ಲ.

ಚಿತ್ರಗಳ ಕೆಳಗೆ ಚೀಟಿ ಬರೆದು ಅಂಟಿಸುವುದು, ಬಂದವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಚೀಟಿ ಬರೆಯುವುದು ಬೇಗ ಮುಗಿಯಿತು. ತಿಳಿಸಿ ಹೇಳಲು ಯಾರೂ ಬರಲಿಲ್ಲ. ಪಿಂಜಾರ ಖಾಜೇಸಾಬ ವಖಾರಿಯ ಪಡಸಾಲೆಯಲ್ಲಿ ಅರಳೆ ಹಿಂಜುತ್ತ, ಹಾಗೆಯೇ ಕಾವಲನ್ನೂ ಮಾಡುತ್ತಿದ್ದ. ನಾನು ಹೋದೊಡನೆ ಎದ್ದು ಬಾಗಿಲು ತೆಗೆಯುತ್ತಿದ್ದ, ಸಂಜೆ ಹಾಕುತ್ತಿದ್ದ. ನಡುವಿನ ಹೊತ್ತಿನಲ್ಲಿ ನಾನು ಮತ್ತು ಎಮ್ಮೆಗಳು.

ಮಿರಗದ ಮಳೆ ಹಿಡಿದ ವಾರ ಗೌರಕ್ಕನಿಗೆ ಸರಕಾರಿ ಕಚೇರಿಯಿಂದ ಕರೆ ಬಂತು. ಕಾಳಿನ ನಿಯಂತ್ರಣ ಬರಲಿದೆ, ಸಂಗ್ರಹಿಸಿಡಲು ಒಣ ಕಟ್ಟಡಗಳು ಬೇಕು, ವಖಾರಿಯನ್ನು ಯುದ್ಧ ಮುಗಿಯುವವರೆಗೆ ಬಿಟ್ಟುಕೊಡಬೇಕು ಎಂದರಂತೆ. ಗೌರಕ್ಕ ಅದು ಖಾಲಿ ಇಲ್ಲ, ಊರ ಜನ ಬಂದುಹೋಗುವ ಜಾಗ ಎಂದು ಹೇಳಿ ಬಂದರು. ಜನ ಬಂದುಹೋಗುವುದು ನಿಜವಾದರೆ ಬಿಡಬಹುದು, ಮಳೆಗಾಲ ಮುಗಿಯುವುದರೊಳಗೆ ಸಾಹೇಬರೊಬ್ಬರು ಬಂದು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ ಎಂದು ಕಚೇರಿಯವರು ಹೇಳಿದ್ದರು. ಗೌರಕ್ಕ ಇದನ್ನೆಲ್ಲ ನನಗೆ ಹೇಳಿದ್ದು ಬಾಗಿಲಲ್ಲಿ ನಿಂತು, ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಳ್ಳುತ್ತ. ಒಳಗೆ ಬಂದು ಗೋಡೆಗಳನ್ನು ಒಂದು ಸುತ್ತು ನೋಡಿದರು.

“ಚಿತ್ರ ನೋಡಾಕ ಈ ಊರಾಗ ಯಾರೂ ಬರೂದಿಲ್ಲ ಸುಭದ್ರಾಬಾಯಿ,” ಎಂದರು. “ಕುಂಡ್ರಾಕ ಬರ್ತಾರ. ಏನರ ನೆವಾ ಮಾಡಿ ಕುಂಡ್ರಸೂಣು. ಕುಂತ ಮ್ಯಾಲೆ ಕಣ್ಣ ಎಲ್ಲಿಡ್ತಾರ? ಗ್ವಾಡಿಗೇ ಇಡಬೇಕು.”

ನೆವ ಅವರಿಗೆ ಯಲವಿಗಿ ಸ್ಟೇಷನ್ನಿನಲ್ಲಿ ಸಿಕ್ಕಿತ್ತು. ಅರಳೆ ಕಳಿಸಲು ವ್ಯಾಗನ್ ಕಾಯುತ್ತ ಕೂತಿದ್ದಾಗ ಮಾಲಿನ ಶೆಡ್ಡಿನೊಳಗಿಂದ ವಾದ್ಯವೊಂದು ಕೇಳಿಸಿತಂತೆ. ಬಾರಿಸುತ್ತಿದ್ದವರು ಮಾಲಿನ ಗುಮಾಸ್ತ, ಗೋವೆಯ ಕ್ರೈಸ್ತರು, ಹೆಸರು ದಿಯೋಗ್. ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಲಿಸ್ಬನ್ನಿನಿಂದ ಮರಳಿದ ಸೋದರಮಾವನ ಹತ್ತಿರ ಹುಡುಗನಾಗಿದ್ದಾಗಲೇ ಗಿಟಾರು ಕಲಿತವರು. ಹೆಂಡತಿ ಮಕ್ಕಳು ಗೋವೆಯಲ್ಲಿ, ಇವರು ಇಲ್ಲಿ. ದುಡ್ಡಿನ ಮಾತು ತೆಗೆದಾಗ ಕೈ ಅಡ್ಡ ಆಡಿಸಿದರು. ದಿನಾ ವೀಳ್ಯದೆಲೆಯ ಬುಟ್ಟಿಗಳ ಮುಂದೆ ಬಾರಿಸುತ್ತೇನೆ, ಅವು ಹೂಂ ಎನ್ನುವುದಿಲ್ಲ, ಮನುಷ್ಯರು ಕೂತು ಕೇಳಿದರೆ ಅದೇ ದೊಡ್ಡದು ಎಂದರಂತೆ. ಹೀಗೆ ಶನಿವಾರದ ಸಂಜೆಗಳು ಶುರುವಾದವು. ಪುಕಟ್ಟೆ, ಯಾರು ಬೇಕಾದರೂ ಬರಬಹುದು.

ಯಾರು ಬೇಕಾದರೂ ಬರಬಹುದು ಎಂದು ಗೌರಕ್ಕ ಡಂಗುರ ಹೊಡೆಸಿದರು. ಡಂಗುರವೆಂದರೆ ನಮ್ಮೂರಿಗೆ ಜಪ್ತಿ, ಇಲ್ಲವೆ ಪ್ಲೇಗಿನ ಸೂಜಿ. ಮೊದಲ ಶನಿವಾರ ಬಂದವರು ವಖಾರಿ ಹರಾಜಿಗೆ ಬಂದಿದೆ ಎಂದು ತಿಳಿದವರು. ಶಿಗ್ಗಾವಿಯ ಒಬ್ಬ ವ್ಯಾಪಾರಿ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತ. ನನಗೆ ಸಂತೋಷವಾಯಿತು, ಹತ್ತಿರ ಹೋದೆ. ಬರೀ ಚೌಕಟ್ಟು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ. ಖಾಜೇಸಾಬ ಅವನನ್ನು ಬಾಗಿಲವರೆಗೆ ಕಳಿಸಿ ಬಂದು, “ಕೊಟ್ಟಬಿಡೂಣಿಲ್ರಿ ಬಾಯಿ, ಎಮ್ಮಿ ನಾವ ಇಟ್ಕೊಳ್ಳೂಣು, ಹಿಂಡಾಕರ ಬರ್ತಾವು,” ಎಂದ.

ಆಮೇಲೆ ಗೌರಕ್ಕ ತಾವೇ ಮನೆಮನೆಗೆ ಹೋದರು. ಹಿಂದೂಗಳ ಮನೆಯಲ್ಲಿ ಕುಂಕುಮ ಹಚ್ಚುವವರನ್ನು ಜೊತೆಗೆ ಕರೆದುಕೊಂಡು, ಮುಸಲ್ಮಾನರ ಮನೆಯಲ್ಲಿ ಖಾಜೇಸಾಬನ ಹೆಂಡತಿಯನ್ನು ಮುಂದೆ ಮಾಡಿಕೊಂಡು. ಕರೆದರೆ ಬರಲೇಬೇಕು. ಬಂದರು, ಆದರೆ ಮನೆಗೊಬ್ಬರಂತೆ, ಕರೆದ ಋಣ ತೀರಿಸಲು. ಗಂಡಸರಿಗೆ ಜಮಖಾನೆ, ಹೆಂಗಸರಿಗೆ ಒಂದು ಬದಿಗೆ ಪರದೆ. ನಾನು ಪರದೆಯ ಈಚೆ, ಹೆಂಗಸರ ಕಡೆ, ಸಂದಿಯಿಂದ ಕಾಣುವಂತೆ ಗೋಡೆಗೆ ಒರಗಿ ಕೂರುತ್ತಿದ್ದೆ.

ನಮಗೆಲ್ಲ ಒಂದು ಸಲಕ್ಕೆ ಒಂದು ಸ್ವರ ಕೇಳಿ ರೂಢಿ. ದಿಯೋಗ್ ಮಾಸ್ತರರ ಹೆಬ್ಬೆರಳು ಕೆಳಗೊಂದು ಮಾತು ಹೇಳುತ್ತಿದ್ದರೆ ಉಳಿದ ಬೆರಳುಗಳು ಮೇಲೆ ಬೇರೆಯೇ ಒಂದು ಮಾತು ಹೇಳುತ್ತಿದ್ದವು, ಎರಡೂ ಎಲ್ಲೋ ಒಂದು ಕಡೆ ಕೂಡುತ್ತಿದ್ದವು. ಅದು ತಿಳಿಯಲು ನನಗೆ ಕೆಲವು ಶನಿವಾರಗಳೇ ಬೇಕಾದವು. ತಿಳಿದ ದಿನ ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ. ಯಾಕೆಂದು ತಂದೆ ಕೇಳಿದರು, ತಲೆನೋವು ಎಂದೆ. ಜಮಖಾನೆಯ ಮೇಲಿನ ಒಬ್ಬ ಹಿರಿಯರು ಮಾತ್ರ ಕೊನೆಯ ತನಕ ತಾಳ್ಮೆಯಿಂದ ಕೂತು, ಎದ್ದು ಹೋಗುವಾಗ ಗೌರಕ್ಕನಿಗೆ ಹೇಳಿದರು: “ಶ್ರುತಿ ಭಾಳ ಚಂದ ಮಾಡ್ತಾರವ್ವಾ. ಹಾಡಾಂವ ಯಾವಾಗ ಬರ್ತಾನ?”

ಗೌರಕ್ಕ ವಾದ್ಯವನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬಾಗಿಲ ಹತ್ತಿರ ನಿಂತು ಜನರ ಕಣ್ಣುಗಳನ್ನು ನೋಡುತ್ತಿದ್ದರು. ಯಾರ ಕಣ್ಣು ಗೋಡೆಯ ಕಡೆ ಹೋಯಿತು, ಎಷ್ಟು ಹೊತ್ತು ನಿಂತಿತು ಎಂಬುದು ಅವರಿಗೆ ಬೇಕಾದದ್ದು. ಹೆಚ್ಚಿನ ಕಣ್ಣುಗಳು ಮಾಸ್ತರರ ಬೂಟಿನ ಮೇಲೆ ಇರುತ್ತಿದ್ದವು. ಜಮಖಾನೆಯ ಬದಿಗೆ ಅವರು ಬೂಟನ್ನು ಜೋಡಿಸಿ ಇಡುತ್ತಿದ್ದ ಕ್ರಮ ಜನರಿಗೆ ಬಹಳ ಹಿಡಿಸಿತ್ತು.

ಆ ಮಳೆ ಬಿಡಲೇ ಇಲ್ಲ. ಎರೆಮಣ್ಣು ಎತ್ತಿನ ಗಾಡಿಯ ಗಾಲಿಗಳನ್ನು ನುಂಗುತ್ತಿತ್ತು. ಹೊಲದಲ್ಲಿ ಕಳೆ ಬೆಳೆಗಿಂತ ಎತ್ತರ ಬಂತು. ಯಲವಿಗಿಯಿಂದ ಟಾಂಗಾದಲ್ಲಿ ಬರುವ ಮಾಸ್ತರರು ಗಿಟಾರನ್ನು ಮೊದಲು ಕಂಬಳಿಯಲ್ಲಿ, ಕಂಬಳಿಯನ್ನು ತಾಡಪತ್ರಿಯಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಆದರೂ ತಂಪಿಗೆ ನರಗಳು ಸಡಿಲಾಗುತ್ತಿದ್ದವು. ನಾಗರ ಅಮಾವಾಸ್ಯೆಯ ಮುಂದಿನ ಶನಿವಾರ ಒಂದು ನರ ಹರಿಯಿತು. ಅದು ಕರುಳಿನಿಂದ ಮಾಡಿದ ನರ, ಯುರೋಪಿನಿಂದ ಬರುತ್ತಿದ್ದದ್ದು. ಯುದ್ಧ ಶುರುವಾದ ಮೇಲೆ ಮುಂಬಯಿಯಲ್ಲೂ ಸಿಗುತ್ತಿರಲಿಲ್ಲ. ಖಾಜೇಸಾಬ ತನ್ನ ಕಮಾನಿನ ನರದ ಒಂದು ತುಂಡನ್ನು ತಂದುಕೊಟ್ಟ. “ಇದು ಅರಳಿ ಹಿಂಜೂ ನರಾರಿ ಮಾಸ್ತರ. ಹಾಡ ಹಿಂಜಿದ್ರ ಏನ ಉದುರ್ತದ ಗೊತ್ತಿಲ್ಲ,” ಎಂದ. ಮಾಸ್ತರರು ನಗುತ್ತಲೇ ಕಟ್ಟಿದರು. ದಪ್ಪನೆಯ ನರ ತನ್ನ ಜಾಗದಲ್ಲಿ ನಿಲ್ಲಲಿಲ್ಲ. ಎಷ್ಟು ಬಿಗಿದರೂ ಎರಡು ನಿಮಿಷಕ್ಕೆ ಇಳಿದು ಉಳಿದ ಸ್ವರಗಳನ್ನೆಲ್ಲ ಕೆಡಿಸುತ್ತಿತ್ತು. ಕೊನೆಗೆ ಅದನ್ನು ಬಿಚ್ಚಿ ಆರರಲ್ಲಿ ಉಳಿದ ಐದೇ ನರದ ಮೇಲೆ ಬಾರಿಸುವುದನ್ನು ರೂಢಿಸಿಕೊಂಡರು. ಇಲ್ಲದ ಸ್ವರದ ಜಾಗದಲ್ಲಿ ಒಂದು ಕ್ಷಣ ಸುಮ್ಮನಿರುತ್ತಿದ್ದರು. ಹಾಗೆ ಸುಮ್ಮನಿದ್ದದ್ದು ಗೊತ್ತಾಗುತ್ತಿದ್ದದ್ದು ನನಗೆ ಮಾತ್ರ ಎಂದು ಈಗಲೂ ಅನ್ನಿಸುತ್ತದೆ.

ಸಾಹೇಬರು ಬರುವ ದಿನ ತಿಳಿಯಿತು. ಅದೂ ಶನಿವಾರವೇ. ಆ ವಾರವಿಡೀ ಗೌರಕ್ಕ ವ್ಯಾಪಾರದ ಕಡೆ ತಲೆಹಾಕಲಿಲ್ಲ. ಯಾವ ಮನೆಯನ್ನೂ ಬಿಡದೆ ಕರೆದರು, ಮನೆಗೊಬ್ಬರಲ್ಲ, ಎಲ್ಲರೂ ಬರಬೇಕೆಂದು ಕರೆದರು. ಅವರು ಯಾರ ಮನೆಯಲ್ಲೂ ಕೈಮುಗಿದವರಲ್ಲ, ಆ ವಾರ ಮುಗಿದರು. ನನ್ನ ತಂದೆಯ ಮುಂದೆಯೂ ಮುಗಿದರು. “ನನ್ನ ತಮ್ಮಂದು ಒಂದ ಕೆಲಸ ಉಳದೈತ್ರಿ. ನೀವು ಬಂದು ಕುಂತ್ರ ಆತದು,” ಎಂದರು. ಎಂದೂ ಮನೆಬಿಟ್ಟು ಹೊರಡದ ನನ್ನ ತಂದೆ ಮಡಿಯ ವಿಚಾರ ಬದಿಗಿಟ್ಟು ಶಾಲು ಹೊದ್ದು ಬಂದರು.

ವಖಾರಿ ತುಂಬಿತು. ಅಷ್ಟು ಜನರನ್ನು ಅಲ್ಲಿ ನಾನು ನೋಡಿರಲಿಲ್ಲ. ಪರದೆಯ ಈಚೆ ಕಾಲಿಡಲು ಜಾಗವಿರಲಿಲ್ಲ. ಹೊತ್ತು ಹೋಗದ ಹೆಂಗಸರು ತಲೆಯೆತ್ತಿ ಚಿತ್ರಗಳನ್ನು ನೋಡತೊಡಗಿದರು. ಅಲೈ ನೋಡಲು ನಿಂತ ಹೆಂಗಸರ ಚಿತ್ರದಲ್ಲಿ ಒಬ್ಬಾಕೆ ತನ್ನ ಅತ್ತೆಯ ಗುರುತು ಹಿಡಿದಳು. ಮೂಗುತಿಯಿಂದ ಗುರುತು ಹಿಡಿದಳು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಎಲ್ಲರೂ ಆ ಕಡೆ ಬಗ್ಗಿದರು. ಪರದೆಯ ಸಂದಿಯಿಂದ ಗೌರಕ್ಕನ ಮುಖ ಕಂಡಿತು. ಅವರು ಇತ್ತ ನೋಡುತ್ತಿರಲಿಲ್ಲ. ಸಾಹೇಬರ ಮೋಟಾರು ಇನ್ನೂ ಬಂದಿರಲಿಲ್ಲ. ಹಾನಗಲ್ಲಿನಿಂದ ಬರುವ ದಾರಿಯಲ್ಲಿ ಅದು ಕೆಸರಿನಲ್ಲಿ ಹೂತಿದೆ, ಎತ್ತು ಕಟ್ಟಿ ಎಳೆಸುತ್ತಿದ್ದಾರೆ ಎಂದು ಯಾರೋ ಸುದ್ದಿ ತಂದರು. ಗೌರಕ್ಕ ಛತ್ರಿ ಹಿಡಿದು ದಾರಿ ನೋಡಲು ಪೇಟೆಯ ತುದಿಗೆ ಹೋದರು. ಸಾಹೇಬರು ಬರುವ ತನಕ ಬಾರಿಸಬೇಡಿ, ಅವರು ಒಳಗೆ ಬಂದೊಡನೆ ಶುರುಮಾಡಿ ಎಂದು ಮಾಸ್ತರರಿಗೆ ಹೇಳಿಹೋದರು.

ಮಾಸ್ತರರು ಅಂದು ತಮ್ಮ ಕಡೆಯಿಂದ ಒಂದು ಬುಟ್ಟಿ ಎಲೆ ತಂದಿದ್ದರು. ಮುಂಬಯಿಗೆ ಹೋಗುವ ಸವಣೂರಿನ ಎಲೆ, ಯಲವಿಗಿಯ ವ್ಯಾಪಾರಿಗಳು ಅವರ ಮೇಲಿನ ಪ್ರೀತಿಗೆ ಕೊಟ್ಟದ್ದು. ಅಡಿಕೆಯೂ ಇತ್ತು, ಸುಣ್ಣವೂ ಇತ್ತು. ಜನ ಕಾದು ಬೇಸತ್ತದ್ದು, ಮಕ್ಕಳು ಅಳುವುದು ಅವರಿಗೆ ಕಾಣುತ್ತಿತ್ತು. ವ್ಯಾಪಾರಿಗಳ ಅಂಗಡಿಗೆ ಹೋದಾಗಲೆಲ್ಲ ‘ಬರ್ರಿ ಮಾಸ್ತರ’ ಎನ್ನುತ್ತ ಮೊದಲು ಎಲೆಯನ್ನೇ ಮುಂದೆ ಮಾಡುತ್ತಿದ್ದುದನ್ನು ಅವರು ವರ್ಷಗಳಿಂದ ಕಂಡಿದ್ದರು. ಎದ್ದು, ಬುಟ್ಟಿ ಹಿಡಿದು, ಮೊದಲ ಸಾಲಿನ ಹಿರಿಯರಿಂದ ಹಿಡಿದು ಒಬ್ಬೊಬ್ಬರಿಗೂ ತಾವೇ ಬಗ್ಗಿ ಎಲೆ ಅಡಿಕೆ ಕೊಡುತ್ತ ಬಂದರು.

ಅಂಗಡಿಯ ಮಾತು ಬೇರೆ, ಸಭೆಯ ಮಾತು ಬೇರೆ. ನಮ್ಮಲ್ಲಿ ನಿಶ್ಚಯವಾಗಲಿ, ಪುರಾಣವಾಗಲಿ, ದೊಡ್ಡ ಮನೆಗಳ ಹಾಡಿನ ಮೈಫಿಲ್ಲಾಗಲಿ, ಎಲೆ ಅಡಿಕೆ ಕೈಗೆ ಬಂದರೆ ಕಾರ್ಯ ಮುಗಿಯಿತು, ಇನ್ನು ಹೊರಡಬಹುದು ಎಂದರ್ಥ. ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ಎಲ್ಲರಿಗೂ ಅದು ಒಂದೇ. ಎಲೆ ತೆಗೆದುಕೊಂಡ ಮೇಲೂ ಕೂತವನು ಉಂಡು ಮುಗಿದ ಮೇಲೂ ಪಂಕ್ತಿ ಬಿಡದವನಂತೆ. ಮೊದಲ ಸಾಲಿನ ಹಿರಿಯರು ಎಲೆಯನ್ನು ಕಣ್ಣಿಗೊತ್ತಿಕೊಂಡರು. ಒಮ್ಮೆ ಅಕ್ಕಪಕ್ಕ ನೋಡಿದರು. ಸಾಹೇಬರು ಬರುವುದಿಲ್ಲವೆಂದು ತಿಳಿದಿರಬೇಕು, ಮಾಸ್ತರರಿಗೆ ನಮಸ್ಕಾರ ಮಾಡಿ ಎದ್ದರು. ಅವರು ಎದ್ದದ್ದನ್ನು ನೋಡಿ ಅವರ ಹಿಂದಿನವರು. ಮಾಸ್ತರರು ಹಿಂದಿನ ಸಾಲಿಗೆ ಬಗ್ಗಿ ಕೊಡುತ್ತಲೇ ಇದ್ದರು, ತಮ್ಮ ಬೆನ್ನ ಹಿಂದೆ ಜಮಖಾನೆ ಖಾಲಿಯಾಗುತ್ತಿರುವುದು ಅವರಿಗೆ ತಿಳಿಯಲಿಲ್ಲ.

ಖಾಜೇಸಾಬ ಬಾಗಿಲಿಗೆ ಅಡ್ಡ ನಿಂತ. ಕುಂತ್ಕೊಳ್ರಿ, ಇನ್ನೂ ಆಗಬೇಕು ಎಂದು ಒಬ್ಬೊಬ್ಬರ ಕೈ ಹಿಡಿದ. ಕೈಯಲ್ಲಿ ಎಲೆಯಿತ್ತಲ್ಲ, ಅವರು ಮುಗುಳ್ನಕ್ಕು ಬಿಡಿಸಿಕೊಂಡು ಹೋದರು. ಉಪಚಾರದ ಮಾತು ಎಂದುಕೊಂಡರು. ನಾನು ಪರದೆಯ ಈಚೆಯ ಹೆಂಗಸರಿಗೆ ಹೇಳಿದೆ. ಹೊರಗೆ ಗಂಡಸರು ಎದ್ದ ಮೇಲೆ ಒಳಗೆ ಅವರು ಹೇಗೆ ಕೂತಾರು? ಅತ್ತೆಯ ಗುರುತು ಹಿಡಿದವಳು ಮಾತ್ರ ಚಿತ್ರದ ಕಡೆ ಇನ್ನೊಮ್ಮೆ ತಿರುಗಿದಳು. ಅವಳ ಗಂಡ ಹೊರಗಿನಿಂದ ಕೂಗಿದ. ಕೊನೆಗೆ ಉಳಿದವರು ನನ್ನ ತಂದೆ. ಎಲೆಯನ್ನು ಶಾಲಿನ ತುದಿಯಲ್ಲಿಟ್ಟುಕೊಂಡು, ಹೋಗುವುದೋ ಕೂರುವುದೋ ತಿಳಿಯದೆ ನಿಂತಿದ್ದರು.

ಸಾಹೇಬರು ಗೌರಕ್ಕನ ಜೊತೆ ಬಂದಾಗ ಪೇಟೆಯ ದಾರಿಯುದ್ದಕ್ಕೂ ಜನ ಎಲೆ ಮಡಿಸುತ್ತ ಎದುರು ಬರುತ್ತಿದ್ದರಂತೆ. ಹಲವರು ಗೌರಕ್ಕನನ್ನು ನಿಲ್ಲಿಸಿ, ಬಹಳ ಚೆನ್ನಾಗಿ ಆಯಿತು ಎಂದೂ ಹೇಳಿದರಂತೆ.

“ಯಾಕ, ಮುಗೀತೇನು?” ಎಂದು ಸಾಹೇಬರು ಬಾಗಿಲಲ್ಲಿ ಕೇಳಿದರು. ಮೊಣಕಾಲ ತನಕ ಕೆಸರಾಗಿತ್ತು.

“ಇನ್ನಾ ಚಾಲೂನ ಆಗಿಲ್ರಿ,” ಎಂದ ಖಾಜೇಸಾಬ.

“ಚಾಲೂ ಆಗೂಕಿಂತ ಮೊದಲ ಎದ್ದು ಹೋದ್ರಂದ್ರ ಸಂಗೀತ ಎಂಥಾದ್ದಿರಬೇಕಪಾ ಅದು.”

ಸಾಹೇಬರು ಕೆಟ್ಟವರಲ್ಲ. ಗೌರಕ್ಕ ಹೇಳಿದ್ದನ್ನೆಲ್ಲ ಕೇಳಿದರು, ನಂಬಿದರು ಎಂದೇ ತೋರುತ್ತದೆ. ಎಲೆಯ ಮಾತಿಗೆ ಪಾಪ ಎನ್ನುವಂತೆ ತಲೆಯಾಡಿಸಿದರು. ಒಂದು ಬಾರಿಸಿರಿ ಎಂದು ಮಾಸ್ತರರಿಗೆ ಹೇಳಿ ನಿಂತೇ ಕೇಳಿದರು. ಮಾಸ್ತರರ ಬೆರಳುಗಳು ಅಂದು ಐದು ನರಗಳ ಮೇಲೂ ತಪ್ಪಿದವು. ಆಮೇಲೆ ಸಾಹೇಬರು ಗೋಡೆಗೆ ಅಂಗೈ ಒತ್ತಿ ನೋಡಿದರು. ಮೇಲಿನ ಬೆಳಕಿಂಡಿಗಳನ್ನು ನೋಡಿದರು. ಇಂಥ ಮಳೆಯಲ್ಲೂ ಒಳಗೆ ಎಷ್ಟು ಒಣಾ ಅದ ನೋಡ್ರಿ, ಕಾಳಿಗೆ ಒಂದು ಹುಳಾ ಹತ್ತೂದಿಲ್ಲ ಎಂದರು. ಗಾಳಿಯಾಡಲಿ, ಚಿತ್ರಗಳಿಗೆ ತಂಪು ತಾಗಬಾರದು ಎಂದು ಗೌರಕ್ಕ ಆ ಬೆಳಕಿಂಡಿಗಳನ್ನು ಕಟ್ಟಿಸಿದ್ದರು. ಜನ ಬರುವುದೇನೋ ನಿಜವಿರಬಹುದು, ಆದರೆ ನಾನು ಕಂಡದ್ದನ್ನು ಬರೆಯಬೇಕಲ್ಲ ಎಂದು ಸಾಹೇಬರು ಹೋಗುವಾಗ ಹೇಳಿದರು.

ಮಾಸ್ತರರು ಖಾಲಿ ಬುಟ್ಟಿಯ ಹತ್ತಿರವೇ ನಿಂತಿದ್ದರು. ಏನಾಯಿತೆಂದು ಖಾಜೇಸಾಬ ಅವರಿಗೆ ಬಿಡಿಸಿ ಹೇಳಿದ್ದ. “ನಾನು ಮರ್ಯಾದಿ ಕೊಟ್ಟೆ ಬಾಯಿ,” ಎಂದರು ಗೌರಕ್ಕನಿಗೆ. “ಮರ್ಯಾದಿ ಕೊಟ್ಟೆ.”

“ಕೊಟ್ರಿ. ಅವರೂ ಮರ್ಯಾದಿಲೆ ತಗೊಂಡು ಹ್ವಾದ್ರು,” ಎಂದರು ಗೌರಕ್ಕ. “ಯಾರ್ದೂ ತಪ್ಪಿಲ್ಲ ಬಿಡ್ರಿ. ಬೂಟ ಹಾಕ್ಕೊಳ್ರಿ, ಟಾಂಗಾದಾಂವ ಕಾಯಾಕತ್ತಾನ.”

ಮುಂದಿನ ವಾರ, ಆಜ್ಞೆ ಬರುವ ಮೊದಲೇ, ಗೌರಕ್ಕ ಇನ್ನೊಮ್ಮೆ ಕರೆಯಲು ಹೊರಟರು. ನಾನು ಜೊತೆಗೆ ಹೋದೆ. ಎಲ್ಲರೂ ಗೌರವದಿಂದಲೇ ಮಾತಾಡಿದರು. ಮೊನ್ನೆ ಬಂದಿದ್ದೆವಲ್ಲ ಅಕ್ಕಾ, ಎಲೆಯನ್ನೂ ತೆಗೆದುಕೊಂಡೆವಲ್ಲ ಎಂದರು. ಅವರ ಪಾಲಿಗೆ ಕಾರ್ಯ ಸಾಂಗವಾಗಿ ಮುಗಿದಿತ್ತು. ಮುಗಿದ ಕಾರ್ಯಕ್ಕೆ ಮತ್ತೆ ಕರೆಯುವುದು ಎಲ್ಲೂ ಇಲ್ಲ. ಅರ್ಧ ಓಣಿಯಿಂದಲೇ ಗೌರಕ್ಕ ಹಿಂದಿರುಗಿದರು.

ವಖಾರಿ ಬಿಟ್ಟುಕೊಡಬೇಕೆಂದು ಕಚೇರಿಯ ಆಜ್ಞೆ ಬಂತು. ಮಾಸ್ತರರು ಆ ಶನಿವಾರವೂ ಬಂದರು. ಯುದ್ಧದ ಗಾಡಿಗಳು ಹೆಚ್ಚಾಗಿ ಅವರಿಗೆ ಬೇರೆ ಕಡೆ ವರ್ಗವಾಗಿತ್ತು, ಹೇಳಿಹೋಗಲು ಬಂದಿದ್ದರು. ಹಮಾಲರು ಚಿತ್ರಗಳನ್ನು ಇಳಿಸುತ್ತಿದ್ದರು. ಮಾಸ್ತರರು ಬದಿಯಲ್ಲಿ ಕೂತು ಬಾರಿಸತೊಡಗಿದರು. ಗೋಡೆ ಬರಿದಾದಂತೆ ಸ್ವರ ದೊಡ್ಡದಾಗಿ ತಿರುಗಿ ಬರುತ್ತಿತ್ತು. ಹಮಾಲರು ಏಣಿಯ ಮೇಲಿಂದ, ಹಿಡಿ, ಬಿಡು, ಸಾವಕಾಶ ಎಂದು ಕೂಗುತ್ತಿದ್ದರು. ಗೌರಕ್ಕ ಮೊದಲ ಸಲ ಜಮಖಾನೆಯ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತು ಕೇಳಿ, “ಸಾಕ್ರಿ ಮಾಸ್ತರ. ಇನ್ನ ಯಾರ್ನ ಕರ್ಯಾಕ ಬಾರಸ್ತೀರಿ?” ಎಂದರು. ಮಾಸ್ತರರು ಅರ್ಧಕ್ಕೆ ನಿಲ್ಲಿಸಿದರು. ಗಿಟಾರಿನ ನರಗಳನ್ನೆಲ್ಲ ಸಡಿಲಿಸಿ ಕಂಬಳಿಯಲ್ಲಿ ಸುತ್ತಿಕೊಂಡು ಹೊರಟರು. ಅವರ ಸುದ್ದಿ ಆಮೇಲೆ ಬರಲಿಲ್ಲ.

ಚಿತ್ರಗಳು ಗೌರಕ್ಕನ ಮನೆಯ ಅಟ್ಟ ಸೇರಿದವು. ಅಟ್ಟ ಸೋರುತ್ತಿತ್ತು. ಒಂದನ್ನು ಮಾತ್ರ ಇಳಿಸಲಾಗಲಿಲ್ಲ. ಅರಳೆ ಮಾರಿ ವಖಾರಿ ಖಾಲಿಯಿದ್ದ ಒಂದು ಬೇಸಿಗೆಯಲ್ಲಿ ಈರಪ್ಪ ಅಲ್ಲೇ ಕೂತು ಹಿಂಗೋಡೆಗೇ ಅಳತೆ ಮಾಡಿ ಬರೆದ ದೊಡ್ಡ ಚಿತ್ರ ಅದು. ಸವಣೂರಿನ ಸಂತೆಯ ಸಂಜೆ, ಸಾಲಾಗಿ ನಿಂತ ಜನ, ಎಲ್ಲರ ಮುಖವೂ ನೋಡುವವರ ಕಡೆಗೆ. ಬಾಗಿಲಲ್ಲಿ ಅದು ಹಿಡಿಸುತ್ತಿರಲಿಲ್ಲ. ಇರಲಿ ಬಿಡಿ, ನಮ್ಮದೇನೂ ಅಡ್ಡಿಯಿಲ್ಲ ಎಂದರು ಕಚೇರಿಯವರು.

ನವರಾತ್ರಿಯ ನಂತರ ವಖಾರಿಯಲ್ಲಿ ಜೋಳ ಕೊಡಲು ಶುರುಮಾಡಿದರು. ತಂದೆಗೆ ಸಾಲಿನಲ್ಲಿ ನಿಲ್ಲಲಾಗದೆ ರೇಷನ್ ಕಾರ್ಡು ಹಿಡಿದು ನಾನೇ ಹೋದೆ. ಬೆಳಗಿನಿಂದ ಸಾಲು ಪೇಟೆಯ ತಿರುವು ದಾಟಿತ್ತು. ಗಂಡಸರದೊಂದು, ಹೆಂಗಸರದೊಂದು. ಊರಿನ ಒಂದು ಮನೆಯೂ ಉಳಿದಿರಲಿಲ್ಲ, ಮೊದಲ ಸಾಲಿನ ಹಿರಿಯರೂ ಇದ್ದರು, ಮೂಗುತಿಯ ಗುರುತು ಹಿಡಿದವಳೂ ಇದ್ದಳು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಗೌರಕ್ಕ ಕೂತಿದ್ದರು. ನಾನು ಅವರ ಎದುರಿಗೆ ಬಂದಾಗ, ಧ್ವನಿ ಏರಿಸದೆ, ಸಾಲಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು: “ನೋಡ್ರಿ ಸುಭದ್ರಾಬಾಯಿ. ಎಲ್ಲಾರೂ ಬಂದಾರ.”

ಸಾಲು ನನ್ನನ್ನು ಒಳಗೆ ಕೊಂಡೊಯ್ದಿತು. ಹಿಂಗೋಡೆಗೆ ಒಟ್ಟಿದ ಚೀಲಗಳು ಚಿತ್ರದ ಜನರ ಎದೆಯ ತನಕ ಬಂದಿದ್ದವು. ಅದರ ಮುಂದೆ ತಕ್ಕಡಿ ತೂಗಿಹಾಕಿದ್ದರು. ಎಲ್ಲರ ಕಣ್ಣೂ ತಕ್ಕಡಿಯ ಮುಳ್ಳಿನ ಮೇಲಿತ್ತು. ಹಿಂದಿನವಳು ನನ್ನ ಬೆನ್ನಿಗೆ ಕೈಹಚ್ಚಿ, ಸರೀರಿ ಮುಂದ ಎಂದಳು. ನಾನು ಚೀಲದ ಬಾಯಿ ಬಿಚ್ಚಿ ಹಿಡಿದು ಮುಂದೆ ಸರಿದೆ.